ಕೆಟ್ಟ ಮಕ್ಕಳಿಲ್ಲದ ಸಿನಿಮಾ

ಮೊದಲೇ ಹೇಳಿಬಿಡ್ತೀನಿ, ನಾನು ಸಿನಿಮಾ ಪಂಡಿತ ಅಲ್ಲ. ಕ್ಯಾಮೆರಾ ಯಾವ ಕೋನದಲ್ಲಿತ್ತು, ಎಡಿಟಿಂಗ್ ಹೇಗಿತ್ತು ಅಂತ ಯಾರಾದರೂ ಕೇಳಿದರೆ ಕಾಫಿ ತರ್ತೀನಿ ಅಂತ ಎದ್ದು ಹೋಗುವ ಪೈಕಿ. ಫಿಲ್ಮ್ ಫೆಸ್ಟಿವಲ್ ಬಂತೆಂದರೆ ವಾರಪೂರ್ತಿ ರಜೆ ಹಾಕಿ, ಕೊರಳಿಗೆ ಪಾಸ್ ತಗುಲಿಸಿಕೊಂಡು ದಿನಕ್ಕೆ ನಾಲ್ಕೈದು ಸಿನಿಮಾ ನೋಡುವ ಗೆಳೆಯರಿದ್ದಾರೆ. ನಾನು ಶನಿವಾರ ರಾತ್ರಿ ಊಟ ಮುಗಿಸಿ, ಸೋಫಾ ಮೇಲೆ ಕಾಲು ಚಾಚಿ, ನಿದ್ದೆ ಬಂದರೆ ಅಲ್ಲಿಗೇ ನಿಲ್ಲಿಸಿ ಮಲಗುವವನು. ಉಳಿದರ್ಧ ಭಾನುವಾರ ಬೆಳಗ್ಗೆ, ವಾರದ ಶರ್ಟುಗಳಿಗೆ ಇಸ್ತ್ರಿ ಮಾಡ್ತಾ. ಜಗತ್ತೇ ಮೆಚ್ಚಿದ ಸಿನಿಮಾಗಳನ್ನು ಹೀಗೆಲ್ಲ ನೋಡಬಾರದು ಅಂತ ಗೆಳೆಯರು ಬೈತಾರೆ. ಆದರೆ ಜಗತ್ತು ಮೆಚ್ಚಿದ ಸಿನಿಮಾ ನನ್ನ ಕೈಯಿಂದ ಇಸ್ತ್ರಿ ಪೆಟ್ಟಿಗೆ ಕೆಳಗಿಡಿಸುತ್ತೋ ಇಲ್ಲವೋ ಅನ್ನೋದೇ ನನ್ನ ಮಟ್ಟಿಗೆ ಪರೀಕ್ಷೆ.

ಈ ವರ್ಷ ನಾನು ನೋಡಿದ್ದರಲ್ಲಿ ಹೆಚ್ಚಿನವು ವಯಸ್ಸಾದವರ ಸಿನಿಮಾಗಳು. ಕಾರಣ ಮನೆಯದ್ದೇ. ಅಪ್ಪ-ಅಮ್ಮ ತಿಪಟೂರಿನಲ್ಲಿ, ನಾನು ಬೆಂಗಳೂರಿನಲ್ಲಿ, ಅಕ್ಕ ಪುಣೆಯಲ್ಲಿ. ಅಮ್ಮ ಎರಡು ಸಲ ಹಾಲು ಒಲೆ ಮೇಲಿಟ್ಟು ದೇವಸ್ಥಾನಕ್ಕೆ ಹೋಗಿಬಿಟ್ಟಳು. ಮೂರನೇ ಸಲ ಹಾಗಾದಾಗ ಅಪ್ಪ ತೋಟದಲ್ಲಿದ್ದರು, ಹೊಗೆ ನೋಡಿ ಪಕ್ಕದ ಮನೆಯವರು ಹಿತ್ತಲ ಬಾಗಿಲು ಒಡೆದು ಒಳಗೆ ಹೋಗಬೇಕಾಯ್ತು. ಆಮೇಲಿಂದ ಪ್ರತಿ ಭಾನುವಾರ ಸಂಜೆ ವಿಡಿಯೋ ಕಾಲ್‌ನಲ್ಲಿ ಒಂದೇ ಚರ್ಚೆ: ಯಾರು ಎಲ್ಲಿಗೆ ಹೋಗಿ ಇರೋದು, ಮನೆ-ತೋಟ ಏನು ಮಾಡೋದು. ಮೂವತ್ತು ದಾಟಿದ, ಊರು ಬಿಟ್ಟು ಬಂದ ಯಾರಿಗೂ ಈ ಚರ್ಚೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ನಿಮ್ಮನೆಯಲ್ಲಿ ಇನ್ನೂ ಶುರುವಾಗಿಲ್ಲ ಅಂದರೆ, ಆಗುತ್ತೆ ಬಿಡಿ.

ಈ ಗಲಾಟೆಯ ಮಧ್ಯೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಚಿಕ್ಕಪ್ಪ ‘ಬಾಗಬಾನ್’ ಸಿನಿಮಾದ ಕೊನೆಯ ಭಾಷಣದ ತುಣುಕು ಕಳಿಸಿದರು. ಕೆಳಗೆ ಸಾಲಾಗಿ ಕೈಮುಗಿದ ಇಮೋಜಿಗಳು. 2003ರ ಸಿನಿಮಾ ಅದು. ರಿಟೈರ್ ಆದ ಅಪ್ಪ ಅಮಿತಾಭ್, ಅಮ್ಮ ಹೇಮಾಮಾಲಿನಿ, ಅವರಿಬ್ಬರನ್ನು ಬೇರೆ ಬೇರೆ ಮಾಡಿ ಪಾಲು ಹಂಚಿಕೊಳ್ಳುವ ನಾಲ್ಕು ಮಕ್ಕಳು. ಅದನ್ನು ನೋಡಿ ಅಳದವರು ಕಡಿಮೆ. ಆದರೆ ಒಂದು ವಿಷಯ ಗಮನಿಸಿ. ಆ ಸಿನಿಮಾ ನೋಡುವಾಗ ಆ ನಾಲ್ಕು ಮಕ್ಕಳಲ್ಲಿ ತಾನೂ ಒಬ್ಬ ಅಂತ ಯಾರೂ ಅಂದುಕೊಳ್ಳೋದಿಲ್ಲ. ನಾವೆಲ್ಲರೂ ಅದರಲ್ಲಿ ಬರುವ ಸಾಕುಮಗ ಸಲ್ಮಾನ್ ಖಾನ್. ಅಪ್ಪ-ಅಮ್ಮನ ಕಾಲಿಗೆ ಬಿದ್ದು, ಕಣ್ಣೊರೆಸಿಕೊಂಡು, ಅಯ್ಯೋ ಎಂಥಾ ಮಕ್ಕಳಪ್ಪಾ ಅಂತ ಪಕ್ಕದ ಮನೆಯವರನ್ನು ಬೈದುಕೊಂಡು ಎದ್ದು ಬರ್ತೀವಿ. ಒಂದು ಮೂಟೆ ಅತ್ತರೂ ನಮ್ಮ ಬುಡಕ್ಕೆ ನೀರು ಬರೋದಿಲ್ಲ.

ಹಿರಿಯರ ಬಗ್ಗೆ ನಿಜಕ್ಕೂ ಒಳ್ಳೆಯ ಸಿನಿಮಾಗಳಲ್ಲಿ ಈ ಸೌಕರ್ಯ ಇರೋದಿಲ್ಲ. ಅವುಗಳಲ್ಲಿ ಕೆಟ್ಟ ಮಕ್ಕಳೇ ಇರೋದಿಲ್ಲ. ಹೀಗಂತ ನನಗೆ ಅನ್ನಿಸಿದ್ದು ಏಳು ಸಿನಿಮಾಗಳಿಂದ. ಒಂದೊಂದಾಗಿ ಹೇಳ್ತೀನಿ. ಕೆಲವನ್ನು ಹೊಗಳ್ತೀನಿ, ಕೆಲವಕ್ಕೆ ಗೊಣಗ್ತೀನಿ. ಕಥೆಯೂ ಪೂರ್ತಿ ಹೇಳ್ತೀನಿ, ಯಾಕೆಂದರೆ ಇವು ಕಥೆ ಗೊತ್ತಾದರೆ ಕೆಡುವ ಸಿನಿಮಾಗಳಲ್ಲ.

‘ಟೋಕಿಯೋ ಸ್ಟೋರಿ’ಯಿಂದ ಶುರು ಮಾಡೋಣ. 1953ರದ್ದು, ಯಸುಜಿರೋ ಓಜು ನಿರ್ದೇಶನ. 2012ರಲ್ಲಿ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಜಗತ್ತಿನ ನಿರ್ದೇಶಕರನ್ನೆಲ್ಲ ಕೇಳಿದಾಗ ಅವರು ಸಾರ್ವಕಾಲಿಕ ಶ್ರೇಷ್ಠ ಅಂತ ಮೊದಲ ಸ್ಥಾನ ಕೊಟ್ಟ ಸಿನಿಮಾ. ಹಾಗಂತ ಕೇಳಿ ನೋಡಲು ಕೂತರೆ ಮೊದಲ ಅರ್ಧಗಂಟೆ ಏನೂ ಆಗೋದಿಲ್ಲ. ಮುದುಕ ಮುದುಕಿ ಬಟ್ಟೆ ಜೋಡಿಸಿಕೊಳ್ತಾರೆ, ದಿಂಬು ಎಲ್ಲಿಟ್ಟೆ ಅಂತ ಕೇಳ್ತಾರೆ, ಟೋಕಿಯೋಗೆ ಬರ್ತಾರೆ, ಎಲ್ಲರೂ ಬಗ್ಗಿ ಬಗ್ಗಿ ನಮಸ್ಕಾರ ಮಾಡ್ತಾರೆ. ನಾನು ಅಷ್ಟರಲ್ಲಿ ಎರಡು ಶರ್ಟ್ ಮುಗಿಸಿದ್ದೆ. ಕ್ಯಾಮೆರಾ ಇಡೀ ಸಿನಿಮಾ ಚಾಪೆ ಮೇಲೆ ಕೂತವರ ಎತ್ತರದಲ್ಲೇ ಇರುತ್ತೆ, ಆಚೀಚೆ ಅಲ್ಲಾಡೋದೇ ಅಪರೂಪ. ಊರಿನ ಹಜಾರದಲ್ಲಿ ಗೋಡೆಗೊರಗಿ ಕೂತು ಓಡಾಡುವವರನ್ನು ನೋಡ್ತಿರುವ ಅಜ್ಜಿಯ ಕಣ್ಣಿನ ಹಾಗೆ.

ಒನೊಮಿಚಿ ಅನ್ನೋ ಸಮುದ್ರದ ದಡದ ಊರಿನಿಂದ ಶುಕಿಚಿ ಮತ್ತು ತೋಮಿ ಮಕ್ಕಳನ್ನು ನೋಡೋಕೆ ಟೋಕಿಯೋಗೆ ಬಂದಿದ್ದಾರೆ. ಹಿರಿಮಗ ಡಾಕ್ಟರು. ಮಗಳು ಶಿಗೆ ಬ್ಯೂಟಿ ಪಾರ್ಲರ್ ನಡೆಸ್ತಾಳೆ. ಯುದ್ಧದಲ್ಲಿ ಸತ್ತ ಇನ್ನೊಬ್ಬ ಮಗನ ಹೆಂಡತಿ ನೊರಿಕೊ ಒಂದು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದಾಳೆ, ಆಫೀಸಿನಲ್ಲಿ ಕೆಲಸ. ಭಾನುವಾರ ಊರು ತೋರಿಸ್ತೀನಿ ಅಂತ ಡಾಕ್ಟರ್ ಮಗ ಹೇಳಿರ್ತಾನೆ, ಎಲ್ಲರೂ ಹೊಸ ಬಟ್ಟೆ ಹಾಕಿಕೊಂಡು ಸಿದ್ಧ. ಅಷ್ಟರಲ್ಲಿ ಒಂದು ಮಗುವಿಗೆ ಜ್ವರ ಅಂತ ಕರೆ ಬರುತ್ತೆ, ಅವನು ಹೊರಟುಹೋಗ್ತಾನೆ. ಈಗ ಹೇಳಿ, ಇದರಲ್ಲಿ ಯಾರ ತಪ್ಪಿದೆ? ಜ್ವರ ಬಂದ ಮಗುವಿನದ್ದಾ?

ಆಮೇಲೆ ಮಕ್ಕಳೆಲ್ಲ ಸೇರಿ ದುಡ್ಡು ಹಾಕಿ ಅಪ್ಪ-ಅಮ್ಮನನ್ನು ಅಟಾಮಿ ಅನ್ನೋ ಬಿಸಿನೀರ ಬುಗ್ಗೆಯ ಊರಿಗೆ ಕಳಿಸ್ತಾರೆ. ಮನೆಯಲ್ಲಿದ್ದರೆ ನೋಡಿಕೊಳ್ಳೋಕೆ ಆಗಲ್ಲ, ಅಲ್ಲಾದರೆ ಆರಾಮವಾಗಿರ್ತಾರೆ, ನಮಗೂ ಖರ್ಚು ಕಮ್ಮಿ. ಅಟಾಮಿಯ ಹೋಟೆಲ್ಲಿನಲ್ಲಿ ರಾತ್ರಿಯಿಡೀ ಹುಡುಗರ ಮಾಜಾಂಗ್ ಆಟ, ಹಾಡು, ಗಲಾಟೆ. ಇಬ್ಬರೂ ನಿದ್ದೆಯಿಲ್ಲದೆ ಹೊರಳಾಡ್ತಾರೆ. ಬೆಳಗ್ಗೆ ಸಮುದ್ರದ ಗೋಡೆ ಮೇಲೆ ಕೂತು, ಇನ್ನು ಊರಿಗೆ ಹೋಗೋಣ ಅಂತ ಮಾತಾಡಿಕೊಳ್ತಾರೆ. ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟಿದ್ದು ಇಲ್ಲಿ. ಅಪ್ಪ-ಅಮ್ಮನ ಮದುವೆಯ ವಾರ್ಷಿಕೋತ್ಸವಕ್ಕೆ ರೆಸಾರ್ಟ್ ಬುಕ್ ಮಾಡಿ, ಬ್ರೇಕ್‌ಫಾಸ್ಟ್ ಸೇರಿದೆಯಾ ಅಂತ ಖಾತ್ರಿ ಮಾಡಿಕೊಂಡು, ಕ್ಯಾಬ್ ಹತ್ತಿಸಿ ಕಳಿಸುವ ನಮ್ಮ ಇಡೀ ತಲೆಮಾರು ಇದೆಯಲ್ಲ, ನಮ್ಮದೊಂದು ಅಟಾಮಿ ಇದ್ದೇ ಇದೆ. ಅಲ್ಲಿನ ಈಜುಕೊಳದ ಪಕ್ಕ ನಮ್ಮ ಅಮ್ಮಂದಿರು ಸೀರೆ ನೆರಿಗೆ ಹಿಡಿದುಕೊಂಡು ಕೂತಿರುವ ಫೋಟೋ ಎಲ್ಲರ ಫೋನಿನಲ್ಲೂ ಇದೆ.

ಈ ಸಿನಿಮಾ ನೋಡಿದವರೆಲ್ಲ ಶಿಗೆಯನ್ನು ಬೈತಾರೆ. ಅವಳು ಬೈಸಿಕೊಳ್ಳೋಕೆ ತಕ್ಕ ಹಾಗೇ ಇದ್ದಾಳೆ. ಗಂಡ ಅತ್ತೆ-ಮಾವನಿಗೆ ಒಳ್ಳೆಯ ತಿಂಡಿ ತಂದರೆ ಇಷ್ಟು ದುಬಾರಿಯದ್ದು ಯಾಕೆ ಬೇಕಿತ್ತು ಅಂತಾಳೆ. ಪಾರ್ಲರಿಗೆ ಬಂದ ಗಿರಾಕಿ ಅವರ್ಯಾರು ಅಂತ ಕೇಳಿದರೆ, ಊರ ಕಡೆಯ ಪರಿಚಯದವರು ಅಂತಾಳೆ. ತಾಯಿಗೆ ಸೀರಿಯಸ್ ಅಂತ ಟೆಲಿಗ್ರಾಂ ಬಂದಾಗ, ಸಾವಿನ ಮನೆಯ ಬಟ್ಟೆ ತಗೊಂಡು ಹೋಗೋದಾ ಬೇಡವಾ ಅಂತ ಲೆಕ್ಕ ಹಾಕ್ತಾಳೆ. ತಾಯಿ ಸತ್ತು, ಶವಸಂಸ್ಕಾರದ ಊಟ ಮುಗಿಯೋ ಮುಂಚೆಯೇ ಅಮ್ಮನ ಆ ಬಟ್ಟೆ ನನಗಿರಲಿ ಅಂತ ಕೇಳ್ತಾಳೆ.

ನನ್ನ ವಕಾಲತ್ತು ಶಿಗೆಯ ಪರ. ಅವಳಿಗೆ ಪಾರ್ಲರ್ ಇದೆ, ಸಂಜೆ ಅದೇ ಮನೆಯಲ್ಲಿ ಮೀಟಿಂಗ್ ಇದೆ. ಅಪ್ಪ-ಅಮ್ಮ ಅಟಾಮಿಯಿಂದ ಒಂದು ಮಾತು ಹೇಳದೆ ವಾಪಸ್ ಬಂದು ಬಾಗಿಲಲ್ಲಿ ನಿಂತರೆ ಮುಖ ಸಣ್ಣಗಾಗದೆ ಇನ್ನೇನಾಗುತ್ತೆ? ಬಟ್ಟೆಯ ಲೆಕ್ಕ ಹಾಕಿದ್ದೂ ಅವಳೇ, ತಾಯಿ ಬೆಳಗಿನವರೆಗೆ ಉಳಿಯಲ್ಲ ಅಂತ ಗೊತ್ತಾದಾಗ ಮೊದಲು ಬಿಕ್ಕಿ ಅತ್ತವಳೂ ಅವಳೇ. ಎರಡೂ ಒಂದೇ ಹೆಂಗಸಿನೊಳಗಿವೆ. ಪ್ರತಿ ಕುಟುಂಬದಲ್ಲೂ ಆಸ್ಪತ್ರೆಯ ಬಿಲ್ಲು, ಆಂಬುಲೆನ್ಸು, ಹನ್ನೊಂದನೇ ದಿನದ ಅಡುಗೆಯವರು ಅಂತ ಓಡಾಡುವ ಒಬ್ಬಳು ಶಿಗೆ ಇರ್ತಾಳೆ. ಸಾವಿನ ಮನೆಯಲ್ಲೂ ಲೆಕ್ಕ ಹಾಕ್ತಾಳೆ ಅಂತ ಎಲ್ಲರೂ ಅವಳನ್ನು ಆಡಿಕೊಳ್ತಾರೆ. ಅವಳಿಲ್ಲದಿದ್ದರೆ ಆ ಮನೆಯಲ್ಲಿ ಊಟದ ಎಲೆ ಬೀಳೋದಿಲ್ಲ.

ನನಗೆ ತಕರಾರಿರೋದು ನೊರಿಕೊ ಬಗ್ಗೆ. ರಜೆ ಹಾಕಿ ಅತ್ತೆ-ಮಾವನಿಗೆ ಟೋಕಿಯೋ ತೋರಿಸ್ತಾಳೆ, ಪಕ್ಕದ ಮನೆಯಿಂದ ಕಡ ತಂದು ಮಾವನಿಗೆ ಸಾಕೆ ಕೊಡ್ತಾಳೆ, ಅತ್ತೆಗೆ ಬೆನ್ನು ನೀವ್ತಾಳೆ, ಇಡೀ ಸಿನಿಮಾ ನಗ್ತಾ ಇರ್ತಾಳೆ. ಸೆಟ್ಸುಕೊ ಹರಾ ಅವರ ಆ ನಗು ಜಗತ್ಪ್ರಸಿದ್ಧ, ಒಪ್ಪಿದೆ. ಆದರೆ ಇಷ್ಟು ಒಳ್ಳೆಯ ಸೊಸೆಯನ್ನು ನಮ್ಮ ಸೀರಿಯಲ್‌ಗಳಲ್ಲಿ ಸಾಕಷ್ಟು ನೋಡಿಯಾಗಿದೆ. ಓಜುಗೂ ಈ ಅನುಮಾನ ಬಂದಿರಬೇಕು. ಕೊನೆಯಲ್ಲಿ ಅವಳ ಬಾಯಿಂದಲೇ ಹೇಳಿಸ್ತಾರೆ, ನಾನು ನೀವಂದುಕೊಂಡಷ್ಟು ಒಳ್ಳೆಯವಳಲ್ಲ, ಸತ್ತ ಗಂಡನ ನೆನಪೂ ಎಷ್ಟೋ ದಿನ ಬರೋದಿಲ್ಲ ಅಂತ. ಆ ಎರಡು ನಿಮಿಷದಲ್ಲಿ ಅವಳು ಮನುಷ್ಯಳಾದಳು, ನಾನು ತಕರಾರು ವಾಪಸ್ ತಗೊಂಡೆ.

ಅಪ್ಪ-ಅಮ್ಮ ಕೂಡ ಮಕ್ಕಳನ್ನು ದೂರೋದಿಲ್ಲ. ನಮ್ಮವು ಎಷ್ಟೋ ವಾಸಿ, ನಾವು ಪುಣ್ಯವಂತರು ಅಂತ ಇಬ್ಬರೇ ಕೂತು ಸಮಾಧಾನ ಹೇಳಿಕೊಳ್ತಾರೆ. ಆ ಮಾತು ಅರ್ಧ ನಿಜ, ಅರ್ಧ ನೋವು. ನಮ್ಮಮ್ಮ ಫೋನಿನಲ್ಲಿ ‘ನಿನಗೆ ಕೆಲಸ ಇರುತ್ತೆ ಕಣೋ, ನಮಗೇನು, ಆರಾಮಾಗಿದೀವಿ’ ಅನ್ನೋದು ಇದೇ ದನಿಯಲ್ಲಿ. ಒಂದು ಸಣ್ಣ ಮಾಹಿತಿ: ಎಪ್ಪತ್ತರ ಮುದುಕನಾಗಿ ನಟಿಸಿದ ಚಿಶು ರ್ಯುಗೆ ಆಗ ಐವತ್ತೂ ತುಂಬಿರಲಿಲ್ಲ, ಮಗಳು ಶಿಗೆಯಾದ ಹರುಕೊ ಸುಗಿಮುರಾ ಅವರಿಗಿಂತ ಐದೇ ವರ್ಷ ಚಿಕ್ಕವರು. ಸಂಸಾರದ ಬಗ್ಗೆ ಇಷ್ಟೆಲ್ಲ ಗೊತ್ತಿದ್ದ ಓಜು ಮದುವೆಯನ್ನೇ ಆಗಲಿಲ್ಲ. ತಾಯಿಯ ಜೊತೆಗೇ ಇದ್ದರು. 1962ರಲ್ಲಿ ತಾಯಿ ತೀರಿಕೊಂಡರು, ಮರುವರ್ಷ ತಮ್ಮ ಅರವತ್ತನೇ ಹುಟ್ಟುಹಬ್ಬದ ದಿನವೇ ಅವರೂ ಹೋದರು.

ಶಿಗೆಯ ಮನೆಯಲ್ಲಿ ದುಡ್ಡಿತ್ತು, ಪುರಸೊತ್ತು ಇರಲಿಲ್ಲ. ‘ಪಥೇರ್ ಪಾಂಚಾಲಿ’ಯ ಸರ್ಬಜಯಾಳ ಮನೆಯಲ್ಲಿ ಅಕ್ಕಿಯೇ ಇಲ್ಲ. 1955ರ ಈ ಸಿನಿಮಾ ಅಂದರೆ ಎಲ್ಲರಿಗೂ ಅಪು-ದುರ್ಗಾ, ಹುಲ್ಲಿನ ಬಯಲು, ರೈಲು. ಮರುವರ್ಷ ಕಾನ್ ಚಿತ್ರೋತ್ಸವದಲ್ಲಿ ಅದಕ್ಕೆ ‘ಅತ್ಯುತ್ತಮ ಮಾನವೀಯ ದಾಖಲೆ’ ಅನ್ನೋ ಪ್ರಶಸ್ತಿ ಸಿಕ್ಕಿತು. ನನಗೆ ಆ ಸಿನಿಮಾದಲ್ಲಿ ರೈಲಿಗಿಂತ ಮುಖ್ಯ ಇಂದಿರ್ ಠಾಕ್ರುಣ್. ಹರಿಹರನಿಗೆ ದೂರದಿಂದ ಅಕ್ಕ ಆಗಬೇಕಾದ, ಬೆನ್ನು ಬಾಗಿದ, ಬೊಚ್ಚುಬಾಯಿಯ ಮುದುಕಿ. ದುರ್ಗಾ ಪಕ್ಕದ ತೋಟದಿಂದ ಕದ್ದು ತಂದ ಪೇರಲೆಹಣ್ಣನ್ನು ಆಸೆಯಿಂದ ತಿನ್ನುವವಳು. ಇದನ್ನು ಮಾಡಿದ ಚುನಿಬಾಲಾ ದೇವಿಗೆ ಎಂಬತ್ತರ ಹತ್ತಿರ ವಯಸ್ಸು. ಸಿನಿಮಾ ಬಿಡುಗಡೆಯಾಗೋ ಹೊತ್ತಿಗೆ ಅವರಿರಲಿಲ್ಲ.

ಸರ್ಬಜಯಾ ಈ ಮುದುಕಿಯನ್ನು ಬೈತಾಳೆ, ಮನೆಯಿಂದ ಓಡಿಸ್ತಾಳೆ. ಕೊನೆಯ ಸಲ ಮುದುಕಿ ಮೈ ಸರಿಯಿಲ್ಲ, ಇಲ್ಲೇ ಇರ್ತೀನಿ ಅಂತ ಬಂದಾಗಲೂ ಕರಗೋದಿಲ್ಲ. ಮುದುಕಿ ನೀರು ಕುಡಿದು, ಚೊಂಬಿನಲ್ಲಿ ಉಳಿದದ್ದನ್ನು ಅಂಗಳದ ಗಿಡಕ್ಕೆ ಹಾಕಿ ಹೊರಟುಹೋಗ್ತಾಳೆ. ಆಮೇಲೆ ಬಿದಿರುಮೆಳೆಯಲ್ಲಿ ಮಕ್ಕಳಿಗೆ ಸಿಗೋದು ಅವಳ ಹೆಣ. ಬಾಗಬಾನ್ ಲೆಕ್ಕದಲ್ಲಿ ಸರ್ಬಜಯಾ ಪಕ್ಕಾ ವಿಲನ್. ಆದರೆ ಸತ್ಯಜಿತ್ ರೇ ಅಷ್ಟು ಹೊತ್ತಿಗೆ ಅವಳ ಅಡುಗೆಮನೆಯನ್ನು ನಮಗೆ ತೋರಿಸಿಯಾಗಿದೆ. ಖಾಲಿ ಡಬ್ಬಗಳು ಗೊತ್ತು. ಒಂದು ತಟ್ಟೆ ಕಮ್ಮಿಯಾದರೆ ಮಕ್ಕಳಿಗೊಂದು ತುತ್ತು ಹೆಚ್ಚು ಅನ್ನೋ ಲೆಕ್ಕ ಗೊತ್ತು. ಮುದುಕಿ ಸತ್ತದ್ದಕ್ಕೆ ಅವಳನ್ನು ಕ್ಷಮಿಸೋಕೂ ಆಗಲ್ಲ, ಶಿಕ್ಷೆ ಕೊಡೋಕೂ ಆಗಲ್ಲ. ಬಡತನ ಮನುಷ್ಯರನ್ನು ಒಳ್ಳೆಯವರನ್ನಾಗಿ ಮಾಡುತ್ತೆ ಅನ್ನೋ ನಮ್ಮ ಸಿನಿಮಾಗಳ ಹಳೇ ಸುಳ್ಳು ಇಲ್ಲಿಲ್ಲ.

ಇನ್ನು ನಮ್ಮ ‘ತಬರನ ಕಥೆ’. ಪೂರ್ಣಚಂದ್ರ ತೇಜಸ್ವಿಯವರ ಕಥೆ, 1987ರ ಗಿರೀಶ ಕಾಸರವಳ್ಳಿ ಸಿನಿಮಾ. ಅದಕ್ಕೆ ಸ್ವರ್ಣಕಮಲ, ತಬರನಾಗಿ ನಟಿಸಿದ ಚಾರುಹಾಸನ್‌ಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ. ಇಲ್ಲಿ ಹಿರಿಯನನ್ನು ನೋಡಿಕೊಳ್ಳಬೇಕಾಗಿರೋದು ಸರ್ಕಾರ. ಜೀವಮಾನವಿಡೀ ಸರ್ಕಾರಿ ಚಾಕರಿ ಮಾಡಿದ ತಬರ ತನ್ನದೇ ಪಿಂಚಣಿಗಾಗಿ ಆಫೀಸಿಂದ ಆಫೀಸಿಗೆ ಅಲೀತಾನೆ. ಅತ್ತ ಸಕ್ಕರೆ ಕಾಯಿಲೆಯ ಹೆಂಡತಿಯ ಕಾಲು ಕೊಳೀತಾ ಇದೆ. ಆಪರೇಷನ್ನಿಗೆ ದುಡ್ಡಿಲ್ಲ. ಕೊನೆಗೆ ಅವನು ಕಟುಕನ ಹತ್ತಿರ ಹೋಗಿ, ಹೆಂಡತಿಯ ಕಾಲು ಕತ್ತರಿಸಿಕೊಡ್ತೀಯಾ ಅಂತ ಕೇಳ್ತಾನೆ. ಈ ಒಂದು ದೃಶ್ಯ ನೋಡಿದಮೇಲೆ ಆ ರಾತ್ರಿ ಬೇರೇನೂ ನೋಡೋಕಾಗಲಿಲ್ಲ.

ಇಲ್ಲೂ ನಿರ್ದಿಷ್ಟವಾಗಿ ಬೈಯ್ಯೋಣ ಅಂದರೆ ಯಾರೂ ಸಿಕ್ಕೋದಿಲ್ಲ. ಪ್ರತಿ ಗುಮಾಸ್ತನಿಗೂ ಒಂದು ರೂಲ್ ಇದೆ, ಪ್ರತಿ ಫೈಲಿಗೂ ಇನ್ನೊಂದು ಟೇಬಲ್ ಇದೆ. ಈಗ ಎಲ್ಲ ಆನ್‌ಲೈನ್ ಅಲ್ವಾ ಅಂತ ನೀವು ಕೇಳಬಹುದು. ಪಿಂಚಣಿದಾರರು ವರ್ಷಕ್ಕೊಂದು ಸಲ ತಾವು ಬದುಕಿದ್ದೇವೆ ಅಂತ ಜೀವನ ಪ್ರಮಾಣಪತ್ರ ಕೊಡಬೇಕು. ನಮ್ಮ ದೊಡ್ಡಪ್ಪ ರಿಟೈರಾದ ಮೇಷ್ಟ್ರು. ಕೈಯೆಲ್ಲ ಸವೆದು ಅವರ ಬೆರಳಚ್ಚನ್ನು ಯಂತ್ರ ಹಿಡಿಯೋದಿಲ್ಲ. ಮೂರು ದಿನ ಅಲೆದು ವಾಪಸ್ ಬಂದು, ‘ನಾನು ಇನ್ನೂ ಹುಟ್ಟಿಲ್ಲವಂತೆ ಕಣೋ’ ಅಂದರು. ತಬರನ ಕಾಲದಲ್ಲಿ ಎದುರಿಗೆ ಕನಿಷ್ಠ ಒಬ್ಬ ಗುಮಾಸ್ತನಾದರೂ ಇದ್ದ, ಬೈಯ್ಯೋಕೆ ಒಂದು ಮುಖ ಇತ್ತು.

ತಬರನಿಗೆ ಇಟಲಿಯಲ್ಲೊಬ್ಬ ಅಣ್ಣ ಇದ್ದಾನೆ, ‘ಉಂಬೆರ್ತೊ ಡಿ’. 1952ರ ಸಿನಿಮಾ, ‘ಬೈಸಿಕಲ್ ಥೀವ್ಸ್’ ಮಾಡಿದ ವಿತ್ತೋರಿಯೊ ದೆ ಸಿಕಾ ಅದನ್ನು ತಮ್ಮ ತಂದೆಗೆ ಅರ್ಪಿಸಿದರು. ಪಿಂಚಣಿ ಸಾಲದ ಮುದುಕ, ಅವನದೊಂದು ನಾಯಿ. ಮುದುಕನಾಗಿದ್ದು ನಟನಲ್ಲ, ಭಾಷಾವಿಜ್ಞಾನದ ಪ್ರೊಫೆಸರ್ ಒಬ್ಬರು. ಅವನು ರಸ್ತೆಬದಿಯಲ್ಲಿ ಭಿಕ್ಷೆಗೆ ಕೈ ಚಾಚೋದನ್ನು ಅಭ್ಯಾಸ ಮಾಡ್ತಾನೆ. ಒಬ್ಬರು ದುಡ್ಡು ಹಾಕೋಕೆ ಹತ್ತಿರ ಬಂದ ಕೂಡಲೇ ಅಂಗೈ ಮಗುಚಿ, ಮಳೆ ಹನೀತಿದೆಯಾ ನೋಡ್ತಿದ್ದೆ ಅನ್ನೋ ಹಾಗೆ ಮಾಡ್ತಾನೆ. ಮರ್ಯಾದೆ ಅಂದರೆ ಏನು ಅಂತ ಒಂದು ಅಂಗೈಯಲ್ಲಿ ಹೇಳಿ ಮುಗಿಸಿದ್ದಾರೆ. ನಾಯಿ ಇರುವ ಸಿನಿಮಾಗಳಲ್ಲಿ ಅಳಿಸೋದು ಸುಲಭ, ಹಾಗಾಗಿ ಕ್ಲೈಮ್ಯಾಕ್ಸಿಗೆ ನಾನು ಪೂರ್ತಿ ಮಾರ್ಕ್ಸ್ ಕೊಡಲ್ಲ.

ಅದೇ ವರ್ಷ ಜಪಾನಿನಲ್ಲಿ ಕುರೊಸಾವಾ ‘ಇಕಿರು’ ಮಾಡಿದರು. ತಬರ ಕೌಂಟರಿನ ಆಚೆ ನಿಂತವನಾದರೆ, ಇಕಿರುವಿನ ವಟಾನಬೆ ಕೌಂಟರಿನ ಒಳಗೆ ಕೂತವನು. ಮೂವತ್ತು ವರ್ಷ ಸೀಲು ಒತ್ತಿದ ಮೇಲೆ ಹೊಟ್ಟೆಯ ಕ್ಯಾನ್ಸರ್ ಅಂತ ಗೊತ್ತಾಗುತ್ತೆ. ಹೆಂಡತಿ ಸತ್ತಮೇಲೆ ಮಗನಿಗಾಗಿಯೇ ಬದುಕಿದವನು, ಆ ಮಗನಿಗೆ ವಿಷಯ ಹೇಳೋಣ ಅಂತ ಕತ್ತಲಲ್ಲಿ ಕೂತಿರ್ತಾನೆ. ಮಗ-ಸೊಸೆ ಒಳಗೆ ಬರ್ತಾ ಅಪ್ಪನ ನಿವೃತ್ತಿಯ ಹಣದ ಲೆಕ್ಕ ಮಾತಾಡ್ತಿರ್ತಾರೆ. ಮಗ ಕೆಟ್ಟವನಲ್ಲ, ಅವನಿಗೆ ಗೊತ್ತೇ ಇಲ್ಲ ಅಷ್ಟೇ. ಕೊಳಚೆ ನಿಂತ ಜಾಗವನ್ನು ಪಾರ್ಕ್ ಮಾಡಿಕೊಡಿ ಅಂತ ಅಲೆದಾಡುವ ತಾಯಂದಿರ ಅರ್ಜಿಯನ್ನು ಕೈಗೆತ್ತಿಕೊಂಡು, ವಟಾನಬೆ ಸಾಯೋ ಮುಂಚೆ ಅದೊಂದನ್ನು ಮಾಡಿ ಮುಗಿಸ್ತಾನೆ. ಎಲ್ಲರೂ ಅವನು ಹಿಮದಲ್ಲಿ ಉಯ್ಯಾಲೆ ಮೇಲೆ ಕೂತ ದೃಶ್ಯ ಹೊಗಳ್ತಾರೆ. ನನಗೆ ಇಷ್ಟವಾಗಿದ್ದು ಅವನ ಸಾವಿನ ಮನೆ. ಸಹೋದ್ಯೋಗಿಗಳು ಕುಡೀತಾ, ವಾದಿಸ್ತಾ, ಅಳ್ತಾ, ನಾಳೆಯಿಂದ ನಾವೂ ಹೀಗೇ ಕೆಲಸ ಮಾಡೋಣ ಅಂತ ಪ್ರತಿಜ್ಞೆ ಮಾಡ್ತಾರೆ. ಮರುದಿನ ಆಫೀಸು ಹೇಗಿತ್ತೋ ಹಾಗೇ. ಟೌನ್‌ಹಾಲ್ ಮೀಟಿಂಗ್ ಮುಗಿಸಿ ಸೀಟಿಗೆ ವಾಪಸ್ ಬಂದ ಯಾರಿಗಾದರೂ ಇದು ಅರ್ಥವಾಗುತ್ತೆ.

ಸಾವಿನ ಮನೆ ಅಂದಮೇಲೆ ‘ತಿಥಿ’ ಬರಲೇಬೇಕು. ರಾಮ್ ರೆಡ್ಡಿ ನಿರ್ದೇಶನ, ಈರೇಗೌಡ ಬರವಣಿಗೆ, ಮಂಡ್ಯದ ಹಳ್ಳಿಯ ಜನರೇ ನಟರು. 2015ರಲ್ಲಿ ಲೊಕಾರ್ನೊದಲ್ಲಿ ಪ್ರಶಸ್ತಿ, ಮರುವರ್ಷ ನಮ್ಮ ಥಿಯೇಟರುಗಳಿಗೆ. ದಾರಿಹೋಕರನ್ನೆಲ್ಲ ಬೈತಾ ಕೂತ 101 ವರ್ಷದ ಸೆಂಚುರಿ ಗೌಡ ಎದ್ದು ನಾಲ್ಕು ಹೆಜ್ಜೆ ಹೋಗಿ ಬಿದ್ದು ಸಾಯ್ತಾನೆ. ಮಗ ಗಡ್ಡಪ್ಪನಿಗೆ ಅಪ್ಪ ಸತ್ತರೂ ಅಷ್ಟೇ, ಆಸ್ತಿ ಬಂದರೂ ಅಷ್ಟೇ, ಕಿಸೆಯಲ್ಲೊಂದು ಬಾಟ್ಲಿ ಇಟ್ಟುಕೊಂಡು ನಡೀತಾ ಇರ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಬೇಕು, ಗಡ್ಡಪ್ಪ ಅದಕ್ಕೆ ಕೈ ಹಾಕೋನಲ್ಲ. ತಮ್ಮಣ್ಣ ಸಾಲ ಮಾಡಿ, ಬದುಕಿರುವ ಅಪ್ಪನಿಗೆ ಮರಣ ಪ್ರಮಾಣಪತ್ರ ಮಾಡಿಸ್ತಾನೆ. ಅಪ್ಪನ ಕೈಗೆ ದುಡ್ಡು ಕೊಟ್ಟು, ದೇಶ ಸುತ್ತಿಕೊಂಡು ಬಾ ಅಂತ ಕಳಿಸ್ತಾನೆ. ಅಟಾಮಿಯ ನಮ್ಮ ಕಡೆಯ ರೂಪ!

ಚಿಕ್ಕ ಹುಡುಗನ ಪ್ರೇಮದ ಎಳೆ ನನಗೆ ಸ್ವಲ್ಪ ಎಳೆದ ಹಾಗನ್ನಿಸಿತು. ಆದರೆ ಗಡ್ಡಪ್ಪ ಕುರುಬರ ಜೊತೆ ಬೆಂಕಿಯ ಮುಂದೆ ಕೂತು ತನ್ನ ಹೆಂಡತಿಗೂ ತನ್ನ ಅಪ್ಪನಿಗೂ ಏನು ನಡೀತು, ಅವಳು ಹೇಗೆ ಸತ್ತಳು ಅಂತ ಏರಿಳಿತವಿಲ್ಲದ ದನಿಯಲ್ಲಿ ಹೇಳೋದಿದೆಯಲ್ಲ, ಅಲ್ಲಿಯವರೆಗೆ ನಕ್ಕಿದ್ದೆಲ್ಲ ಗಂಟಲಲ್ಲಿ ನಿಲ್ಲುತ್ತೆ. ಇಷ್ಟು ಹೊತ್ತು ಅವನನ್ನು ಜವಾಬ್ದಾರಿ ಇಲ್ಲದ ತಮಾಷೆಯ ಮುದುಕ ಅಂದುಕೊಂಡಿರ್ತೀವಿ. ಅವನು ನಡೀತಿರೋದು ಯಾಕೆ ಅಂತ ಅವನ ಮಗನಿಗೇ ಗೊತ್ತಿಲ್ಲ, ಗುರುತಿಲ್ಲದ ಕುರುಬರಿಗೆ ಹೇಳ್ತಾನೆ.

ಈ ಸಿನಿಮಾವನ್ನು ಈ ವರ್ಷ ಎರಡನೇ ಸಲ ನೋಡಿದ್ದು ಊರಿನಲ್ಲಿ, ಅಪ್ಪನ ಜೊತೆ. ಅಪ್ಪ ಬೈಗುಳಗಳಿಗೆಲ್ಲ ಚೆನ್ನಾಗಿ ನಕ್ಕರು, ಬೆಂಕಿಯ ದೃಶ್ಯಕ್ಕೆ ಸುಮ್ಮನಾದರು. ಮುಗಿದಮೇಲೆ, ‘ಆ ತಮ್ಮಣ್ಣನೂ ಪಾಪ, ಏನ್ ಮಾಡ್ತಾನೆ’ ಅಂದರು. ರಾತ್ರಿ ಮಲಗೋಕೆ ಮುಂಚೆ ನನ್ನ ಕೋಣೆಯ ಬಾಗಿಲಲ್ಲಿ ನಿಂತು, ‘ಪತ್ರ ಎಲ್ಲಾ ಬೀರುವಿನ ಕೆಳಗಿನ ಖಾನೇಲಿದೆ. ಸೈನ್ ಬೇಕಾದ್ರೆ ಕೇಳು. ನನ್ನ ಸಾಯಿಸಿ ಮಾಡಿಸ್ಕೋಬೇಡ’ ಅಂತ ಹೇಳಿ, ನಕ್ಕು, ಲೈಟ್ ಆರಿಸಿ ಹೋದರು. ಭಾನುವಾರದ ವಿಡಿಯೋ ಕಾಲ್‌ಗಳಲ್ಲಿ ಆರು ತಿಂಗಳಿಂದ ಆಗದ ಮಾತು ಒಂದು ಸಿನಿಮಾದ ನೆಪದಲ್ಲಿ ಆಗಿತ್ತು. ಹಿರಿಯರ ಬಗ್ಗೆ ಸಿನಿಮಾವನ್ನು ಹಿರಿಯರ ಜೊತೆಗೇ ನೋಡಿ ಅಂತ ನಾನು ಹೇಳೋದು ಇದಕ್ಕೇ.

ಕೊನೆಯದ್ದು, ‘ತಿಥಿ’ ನಮ್ಮಲ್ಲಿ ಬಿಡುಗಡೆಯಾದ 2016ರಲ್ಲೇ ಬಂದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’. ಹೇಮಂತ್ ರಾವ್ ಅವರ ಮೊದಲ ಸಿನಿಮಾ. ಮಗ ಮುಂಬೈಯಲ್ಲಿ ಕೆಲಸದಲ್ಲಿದ್ದಾನೆ, ಮರೆವಿನ ಕಾಯಿಲೆಯ ಅಪ್ಪ ಬೆಂಗಳೂರಿನ ಆಶ್ರಯಧಾಮವೊಂದರಲ್ಲಿ. ನೋಡೋಕೆ ಬಂದ ಮಗ ಹೊರಗೆ ಕರ್ಕೊಂಡು ಹೋದಾಗ ಅಪ್ಪ ಕಳೆದುಹೋಗ್ತಾರೆ. ಈ ಪಟ್ಟಿಯಲ್ಲಿ ಇದು ಉಳಿದವುಗಳ ಎತ್ತರಕ್ಕೆ ಬರೋದಿಲ್ಲ ಅಂತ ಗೆಳೆಯರು ಹೇಳ್ತಾರೆ. ಆ ರೌಡಿಗಳ ಕಥೆ ಯಾಕಿತ್ತೋ ನನಗೂ ಗೊತ್ತಿಲ್ಲ, ಅಷ್ಟು ಭಾಗ ಕತ್ತರಿಸಿದ್ದರೆ ಚೆನ್ನಾಗಿತ್ತು. ಆದರೂ ಇದನ್ನು ನಾನು ಬಿಟ್ಟುಕೊಡಲ್ಲ. ಮೊದಲ ಕಾರಣ ಅನಂತ್ ನಾಗ್. ಮರೆತವನ ನಟನೆ ಅಂದರೆ ಕಣ್ಣು ಬಿಟ್ಟು ಶೂನ್ಯ ನೋಡೋದು ಅಂತ ಅವರು ಅಂದುಕೊಂಡಿಲ್ಲ. ಅವರ ವೆಂಕೋಬರಾವ್‌ಗೆ ಹಳೆಯ ಪ್ರೀತಿಯ ಕಥೆ ಹೇಳುವಾಗ ಇಪ್ಪತ್ತೈದರ ಕಳೆ ಬರುತ್ತೆ, ಎದುರಿಗೆ ನಿಂತ ಮಗ ಯಾರು ಅಂತ ಮಾತ್ರ ಹೊಳೆಯೋದಿಲ್ಲ.

ಎರಡನೇ ಕಾರಣ ಆ ಹೆಸರು. ಕಾಣೆಯಾದವರ ಪ್ರಕಟಣೆಯಲ್ಲಿ ನಮ್ಮೆಲ್ಲರ ಅಪ್ಪ-ಅಮ್ಮಂದಿರೂ ಗೋಧಿ ಬಣ್ಣ, ಸಾಧಾರಣ ಮೈಕಟ್ಟೇ. ಅಪ್ಪನನ್ನು ಹುಡುಕ್ತಾ ಹೋದ ಮಗನಿಗೆ ಅಪ್ಪ ಎಂಥಾ ಮನುಷ್ಯ ಅಂತ ಗೊತ್ತಾಗೋದು ಆ ಆಶ್ರಯಧಾಮದ ಡಾಕ್ಟರ್ ಹೇಳಿದ ಮೇಲೆ. ನೊರಿಕೊಗೆ ಗೊತ್ತಿದ್ದದ್ದು ಶಿಗೆಗೆ ಗೊತ್ತಿರಲಿಲ್ಲ, ಕುರುಬರಿಗೆ ಗೊತ್ತಾದದ್ದು ತಮ್ಮಣ್ಣನಿಗೆ ಗೊತ್ತಾಗಲಿಲ್ಲ, ವಟಾನಬೆಯ ಕ್ಯಾನ್ಸರ್ ಮಗನಿಗೆ ಗೊತ್ತಾಗಲಿಲ್ಲ. ಇಷ್ಟು ಸಿನಿಮಾಗಳಲ್ಲಿ ಒಬ್ಬರಿಗೂ ಅಪ್ಪ-ಅಮ್ಮನ ಮೇಲೆ ದ್ವೇಷ ಇಲ್ಲ. ಒಂದು ಮನೆಯಲ್ಲಿ ಅಕ್ಕಿ ಕಮ್ಮಿ, ಇನ್ನೊಂದರಲ್ಲಿ ಹೊತ್ತು ಕಮ್ಮಿ, ಮತ್ತೊಂದರಲ್ಲಿ ಒಂದು ಸಹಿ ಕಮ್ಮಿ. ಆ ಕೊರತೆಯ ಹಿಂದೆ ಓಡ್ತಾ ಇರುವಾಗ ಮನೆಯಲ್ಲಿರುವ ಮನುಷ್ಯರು ಸಾಧಾರಣ ಮೈಕಟ್ಟಿನವರಾಗಿಬಿಡ್ತಾರೆ.

ಹಾಗಾಗಿ ಈ ಸಿನಿಮಾಗಳು ನನ್ನಿಂದ ಮಾಡಿಸಿದ ಕೆಲಸ ಒಂದೇ. ಫೋನಿನಲ್ಲಿ ಒಂದು ನೋಟ್ ತೆರೆದು ಅಮ್ಮನ ಗುರುತು ಬರೆಯೋಕೆ ಶುರು ಮಾಡಿದ್ದೀನಿ. ಐದಡಿ ಎರಡಿಂಚು, ಎಡಗಾಲು ಎಳೆದು ನಡೀತಾಳೆ. ಬಸ್ಸಿನಲ್ಲಿ ಕಿಟಕಿ ಸೀಟೇ ಬೇಕು. ಕೇಳಿದರೆ ಹಸಿವಿಲ್ಲ ಅಂತಾಳೆ, ಎರಡನೇ ಸಲ ಕೇಳಬೇಕು. ಕೊಬ್ಬರಿ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಒಣಗಿದೆಯೋ ಇಲ್ಲವೋ ಹೇಳ್ತಾಳೆ. ಹೆಸರು ಕೇಳಿದರೆ ತವರಿನಲ್ಲಿ ಕರೀತಿದ್ದ ಹೆಸರು ಹೇಳಬಹುದು. ಆ ಹೆಸರು ನನಗೆ ಗೊತ್ತಾಗಿದ್ದು ಹೋದ ತಿಂಗಳು, ಕೇಳಿದ್ದಕ್ಕೆ.

ಯಾರು ಎಲ್ಲಿಗೆ ಹೋಗೋದು ಅನ್ನೋದು ಇನ್ನೂ ತೀರ್ಮಾನವಾಗಿಲ್ಲ. ತಾನಾಗಿಯೇ ಆಫ್ ಆಗುವ ಒಲೆ ತಂದುಕೊಟ್ಟಿದ್ದೀವಿ, ಅದರಲ್ಲಿ ಕಾಯಿಸಿದ ಹಾಲಿಗೆ ರುಚಿಯಿಲ್ಲ ಅಂತ ಅಮ್ಮ ದಿನಾ ದೂರು ಹೇಳ್ತಾಳೆ. ಅಕ್ಕ ದೀಪಾವಳಿಗೆ ಬರ್ತಾಳೆ, ಲೆಕ್ಕದ ಪುಸ್ತಕ ಹಿಡ್ಕೊಂಡೇ ಬರ್ತಾಳೆ. ಬರಲಿ. ಮನೆಗೊಬ್ಬಳು ಶಿಗೆ ಬೇಕು. ಅಲ್ಲಿಯವರೆಗೆ ನೀವು ಈ ಏಳರಲ್ಲಿ ಯಾವುದಾದರೂ ಒಂದನ್ನು ನೋಡಿ. ಬೇಜಾರಾದರೆ ನಿಲ್ಲಿಸಿ, ಇಸ್ತ್ರಿ ಮಾಡ್ತಾನೇ ನೋಡಿ, ಯಾರೂ ಏನೂ ಅನ್ನಲ್ಲ. ಮುಗಿದಮೇಲೆ ಊರಿಗೊಂದು ಫೋನ್ ಮಾಡಿ, ಊಟ ಆಯ್ತಾ, ಮಾತ್ರೆ ಆಯ್ತಾ ಬಿಟ್ಟು ಬೇರೆ ಏನಾದರೂ ಕೇಳಿ.